ಮಾಸ್ತರರ 412 ವಿಳಾಸ: ಫೋನಿನಿಂದ ಲೇಬಲ್ ತನಕ

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಅಕ್ಕಿ ಗಿರಣಿಯ ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಅರ್ಜಿ ಟೈಪಿಂಗ್, ಇಷ್ಟೇ ದಂಧೆ. ಕಾರಟಗಿಯ ಕಡೆ ಇರುವ ನಿವೃತ್ತ ಮಾಸ್ತರರೊಬ್ಬರು ಮೂರು ತಿಂಗಳಿಗೊಂದು ಸಣ್ಣ ಪತ್ರಿಕೆ ತರುತ್ತಾರೆ. ಪುಟ ಕಟ್ಟುವುದು ನಾನೇ. ಹೋದ ಸಂಚಿಕೆಯಲ್ಲಿ 26 ಪ್ರತಿ ವಾಪಸ್ ಬಂದವು, ಬಹಳಷ್ಟರ ಮೇಲೆ ವಿಳಾಸ ಸಾಲದು ಎಂಬ ಷರಾ. ಅಲ್ಲಿಯವರೆಗೆ ಅವರು ಲಕೋಟೆ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಈ ಬಾರಿ ಫೋನನ್ನು ಟೇಬಲ್ ಮೇಲಿಟ್ಟು, "ಎಲ್ಲಾ ಇದ್ರಾಗ ಅದಾವ ತಮ್ಮಾ, ಲೇಬಲ್ ಹೊಡದು ಕೊಟ್ಟಬಿಡು" ಅಂದರು. ನಾನು ಒಂದು ತಾಸಿನ ಕೆಲಸ ಅಂದೆ. ಐದು ದಿನ ಹಿಡಿಯಿತು.

ನನ್ನ ಹತ್ತಿರ ಇದ್ದದ್ದು: ವಿಂಡೋಸ್ 7ರ ಹಳೇ ಕಂಪ್ಯೂಟರು, ಎಂಎಸ್ ಆಫೀಸ್ 2010, ಒಂದು ಲೇಸರ್ ಪ್ರಿಂಟರು, ಎ4 ಅಳತೆಯ 24 ಲೇಬಲ್‌ಗಳ ಅಂಟು ಹಾಳೆ (ಒಂದೊಂದು ಲೇಬಲ್ 70 × 37 ಮಿ.ಮೀ., ಅಡ್ಡಕ್ಕೆ 3, ಉದ್ದಕ್ಕೆ 8). ಫೋನಿನಲ್ಲಿ 331 ಹೆಸರು. ಅದರ ಜೊತೆಗೆ ಹಳೇ ಚಂದಾದಾರರದ್ದು 118, ಅದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲು. ಎರಡನ್ನೂ ಒಂದು ಟೆಕ್ಸ್ಟ್ ಫೈಲಿಗೆ ತಂದು, ಅದರಿಂದ ಲೇಬಲ್ ಹೊಡೆಯಬೇಕು.

1. ಗುರುವಾರ ಸಂಜೆ: ವಿಸಿಎಫ್

ಫೋನಿನ ಕಾಂಟ್ಯಾಕ್ಟ್ಸ್ ತೆರೆದು ಎಕ್ಸ್‌ಪೋರ್ಟ್ ಒತ್ತಿದೆ. ಒಂದು ವಿಸಿಎಫ್ ಫೈಲು (ಹೆಸರು, ನಂಬರು, ವಿಳಾಸ ಬರೆದಿಡುವ ವಿಕಾರ್ಡ್ ಬಗೆ) ಬಂತು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಎಲ್ಲಾ ಒಂದೇ ಸಾಲು, ಮುಗಿಯುವುದೇ ಇಲ್ಲ. ಫೋನು ಸಾಲು ಮುರಿಯಲು ಒಂದು ಗುರುತು ಹಾಕಿದರೆ, ಹಳೇ ನೋಟ್‌ಪ್ಯಾಡಿಗೆ ಎರಡು ಗುರುತು ಬೇಕು. 2018ರ ನಂತರದ ವಿಂಡೋಸ್ 10ರಲ್ಲಿ ಈ ಕಾಟವಿಲ್ಲ, ನನ್ನದು 7. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಂಡ ಮೇಲೆ ಸಾಲು ಸಾಲಾಗಿ ಕಂಡಿತು.

ಕಂಡಿತೇನೋ ಸರಿ, ಓದಲಿಕ್ಕೆ ಬರಬೇಕಲ್ಲ. ಊರಿನ ಹೆಸರಿದ್ದ ಜಾಗದಲ್ಲಿ =ಇ0=ಬಿ2=97=ಇ0=ಬಿ2=82 ಅಂತ ಉದ್ದಕ್ಕೆ ಹರಿದಿದೆ (ಇ, ಬಿ ಇಂಗ್ಲಿಷ್ ಅಕ್ಷರಗಳು). ಅರ್ಧ ತಾಸು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಮೊದಲ ಮೂರು ತುಂಡು ಸೇರಿ "ಗ", ಮುಂದಿನ ಮೂರು ಸೇರಿ ಸೊನ್ನೆ. ಅಂದರೆ "ಗಂ". "ಗಂಗಾವತಿ" ಅಂತ ಬರೆಯಲು ಕಂಪ್ಯೂಟರಿಗೆ 7 ಕೋಡು ಬೇಕು, ಒಂದೊಂದು ಕೋಡಿಗೆ 3 ಬೈಟು, ಒಂದೊಂದು ಬೈಟಿಗೆ ಇಲ್ಲಿ 3 ಅಕ್ಷರ. ಒಟ್ಟು 63 ಅಕ್ಷರ, ಒಂದು ಊರಿನ ಹೆಸರಿಗೆ. ಸಾಲು ಉದ್ದವಾದರೆ ನಡುವೆಯೇ ಒಂದು ಸಮ ಚಿಹ್ನೆ ಹಾಕಿ ಕೆಳಗಿನ ಸಾಲಿಗೆ ಇಳಿಸುತ್ತದೆ, ಅಕ್ಷರ ಅರ್ಧಕ್ಕೆ ತುಂಡಾದರೂ ಅದಕ್ಕೆ ಚಿಂತೆಯಿಲ್ಲ.

ವಿಳಾಸದ ಸಾಲಿನಲ್ಲಿ ಏಳು ಖಾನೆ: ಪೋಸ್ಟ್ ಬಾಕ್ಸ್, ಹೆಚ್ಚುವರಿ ವಿಳಾಸ, ಬೀದಿ, ಊರು, ರಾಜ್ಯ, ಪಿನ್, ದೇಶ. ನಡುನಡುವೆ ಅರ್ಧವಿರಾಮ. ಖಾಲಿ ಖಾನೆಗೂ ಅರ್ಧವಿರಾಮ ಬಿದ್ದೇ ಬೀಳುತ್ತದೆ.

ಇದನ್ನು ಕನ್ನಡಕ್ಕೆ ತಿರುಗಿಸಿ ಕೊಡುವ ಜಾಲತಾಣಗಳಿವೆ, ಫೈಲು ಏರಿಸಿದರೆ ಸಾಕು. ಮುನ್ನೂರು ಚಿಲ್ಲರೆ ಜನರ ಮನೆ ನಂಬರು, ಫೋನ್ ನಂಬರು ಹಿಡಿದು ಊರು ಕೇರಿ ಗೊತ್ತಿಲ್ಲದ ಸೈಟಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಮಾಸ್ತರರ ನಂಬಿಕೆಯ ಫೋನು ಅದು. ಅಂಗಡಿ ಮುಚ್ಚಿದೆ.

2. ಶುಕ್ರವಾರ: ಡಬಲ್ ಕ್ಲಿಕ್ ಮಾಡಿ ಕೆಟ್ಟೆ

ಬೆಳಿಗ್ಗೆ ಮಾಸ್ತರರ ಗೂಗಲ್ ಖಾತೆಯನ್ನು ಅವರ ಎದುರಿಗೇ ಕಂಪ್ಯೂಟರಿನಲ್ಲಿ ತೆರೆದೆ. ಫೋನಿನಲ್ಲಿದ್ದ ಹೆಸರುಗಳೆಲ್ಲ ಅಲ್ಲೂ ಇದ್ದವು. ಎಕ್ಸ್‌ಪೋರ್ಟ್‌ನಲ್ಲಿ ಮೂರು ಬಗೆ: ಗೂಗಲ್ ಸಿಎಸ್‌ವಿ, ಔಟ್‌ಲುಕ್ ಸಿಎಸ್‌ವಿ, ವಿಕಾರ್ಡ್. ಸಿಎಸ್‌ವಿ ಅಂದರೆ ಖಾನೆಗಳ ನಡುವೆ ಅಲ್ಪವಿರಾಮ ಇಟ್ಟ ಬರೀ ಟೆಕ್ಸ್ಟ್ ಫೈಲು. ಮೊದಲನೆಯದನ್ನು ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದೆ. ಎಕ್ಸೆಲ್ ತೆರೆಯಿತು. ಕನ್ನಡದ ಒಂದೊಂದು ಅಕ್ಷರದ ಜಾಗದಲ್ಲೂ ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಅದರ ಹೆಗಲ ಮೇಲೆ ಪುಟ್ಟ 2 ಅಥವಾ 3, ಮುಂದೊಂದು ಏನೋ ಚಿಹ್ನೆ. ಮೂರು ಬೈಟನ್ನು ಮೂರು ಬೇರೆ ಅಕ್ಷರ ಅಂತ ಓದಿಕೊಂಡಿದೆ.

ಇದಕ್ಕೆ ಹಳೇ ಮದ್ದು ಗೊತ್ತಿತ್ತು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಸೇವ್ ಆ್ಯಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರವನ್ನು ಬೈಟಾಗಿ ಬರೆದಿಡುವ ರೀತಿ) ಯುಟಿಎಫ್-8, ಅಂದರೆ ಕನ್ನಡವನ್ನೂ ಹಿಡಿಯುವ ಯುನಿಕೋಡಿನ ಬಗೆ, ಆರಿಸಿ ಮತ್ತೆ ಸೇವ್ ಮಾಡಿದೆ. ಹಳೇ ನೋಟ್‌ಪ್ಯಾಡು ಫೈಲಿನ ತಲೆಗೆ ಮೂರು ಬೈಟಿನ ಗುರುತು ಕೂರಿಸುತ್ತದೆ, ಅದನ್ನು ಕಂಡರೆ ಎಕ್ಸೆಲ್ ಕನ್ನಡ ತೋರಿಸುತ್ತದೆ. ತೋರಿಸಿತು. (ಅಲ್ಲಿ ಮರೆತು ಆನ್ಸಿ, ಅಂದರೆ ಕನ್ನಡ ಹಿಡಿಯದ ಹಳೇ ಎನ್‌ಕೋಡಿಂಗ್, ಅಂತ ಬಿಟ್ಟು, ಎಚ್ಚರಿಕೆಗೂ ಓಕೆ ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಹಾಗೆ ಕೈ ಸುಟ್ಟುಕೊಂಡದ್ದು ಹಿಂದೊಮ್ಮೆ, ಈ ಕೆಲಸದಲ್ಲಲ್ಲ.)

ಕನ್ನಡ ಕಂಡದ್ದೇ ತಡ, ನಾನು ಗೆದ್ದೆ ಅಂದುಕೊಂಡೆ. ಬೇಡದ ಕಾಲಂ ಅಳಿಸಿದೆ, ಕಂಟ್ರೋಲ್ ಎಸ್ ಹೊಡೆದೆ. 331 ಹೆಸರಿನ ಪ್ರೂಫ್ ತೆಗೆದು ಮಾಸ್ತರರ ಕೈಗೆ ಕೊಟ್ಟೆ, 14 ಹಾಳೆ. ಅವರು ಮಧ್ಯಾಹ್ನದ ಬಸ್ಸಿಗೆ ಹೋದರು.

3. ಶನಿವಾರ: ಮನೆ ನಂಬರೋ ತಾರೀಖೋ

ಮಾಸ್ತರರು ಕೆಂಪು ಪೆನ್ನಿನಲ್ಲಿ 19 ಕಡೆ ತಿದ್ದಿ ತಂದಿದ್ದರು. ಕುರ್ಚಿ ಎಳೆದುಕೊಂಡು ಕೂತವರೇ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಇದೇನಪಾ, ರಾಯಚೂರಿನವರ ಮನಿ ನಂಬರ್ ಜಾಗದಾಗ ತಾರೀಖು ಬಂದೈತಲ್ಲ?"

ನೋಡಿದೆ: 01-09-1987. ಮೂಲದಲ್ಲಿ ಇದ್ದದ್ದು 1-9-87.

ನಮ್ಮ ಕಡೆ ಮನೆ ನಂಬರು ಹೀಗೇ ಇರುತ್ತವೆ, ನಡುವೆ ಅಡ್ಡಗೆರೆ ಹಾಕಿ ಮೂರು ಅಂಕಿ. ಎಕ್ಸೆಲ್‌ಗೆ ಅದು ತಾರೀಖು. 3-5-12 ಅಂತ ಇದ್ದದ್ದು 03-05-2012 ಆಗಿತ್ತು. 1-4-155 ಮಾತ್ರ ಹಾಗೇ ಉಳಿದಿತ್ತು, 155ನೇ ಇಸವಿ ಎಕ್ಸೆಲ್ ಪಂಚಾಂಗದಲ್ಲಿ ಇಲ್ಲವಲ್ಲ. ಎಣಿಸಿದರೆ ಇಂಥವು 23. ತಮಾಷೆ ಏನೆಂದರೆ, ಇಡೀ ವಿಳಾಸವನ್ನು ಒಂದೇ ಖಾನೆಯಲ್ಲಿ ತುರುಕಿದ್ದ ಕಡೆ ಏನೂ ಆಗಿರಲಿಲ್ಲ. ಮಾಸ್ತರರು ಶಿಸ್ತಾಗಿ ಮನೆ ನಂಬರನ್ನೇ ಒಂದು ಖಾನೆಗೆ, ಓಣಿಯನ್ನು ಇನ್ನೊಂದಕ್ಕೆ ಹಾಕಿದ ಕಡೆಯೇ ಕೆಟ್ಟಿತ್ತು.

ಪಕ್ಕದ ಕಾಲಮ್ಮಿನಲ್ಲಿ ಅದಕ್ಕಿಂತ ದೊಡ್ಡ ಅನಾಹುತ. ಫೋನ್ ನಂಬರುಗಳು 9.19845ಇ+11 ಅಂತ ಆಗಿದ್ದವು. ಜಾಗ ಬಿಡದೆ 91 ಸೇರಿಸಿ ಬರೆದ 12 ಅಂಕಿಯ ನಂಬರನ್ನು ಎಕ್ಸೆಲ್ ದೊಡ್ಡ ಸಂಖ್ಯೆ ಅಂತ ತಿಳಿದು ಚುಟುಕು ಮಾಡಿ ತೋರಿಸುತ್ತದೆ. ಬರೀ ತೋರಿಸಿದ್ದರೆ ಚಿಂತೆಯಿರಲಿಲ್ಲ, ಒಳಗೆ ಪೂರ್ತಿ ನಂಬರು ಇರುತ್ತದೆ. ಆದರೆ ಸಿಎಸ್‌ವಿಯಾಗಿ ಸೇವ್ ಮಾಡಿದರೆ ಕಣ್ಣಿಗೆ ಕಂಡದ್ದನ್ನೇ ಬರೆದಿಡುತ್ತದೆ. ನಾನು ನಿನ್ನೆ ಹೊಡೆದ ಕಂಟ್ರೋಲ್ ಎಸ್ ಕೊನೆಯ ಅಂಕಿಗಳನ್ನು ನುಂಗಿತ್ತು. ಅದೂ ಇಳಿಸಿಕೊಂಡ ಮೂಲ ಫೈಲಿನ ಮೇಲೇ ಸೇವ್ ಮಾಡಿದ್ದೆ.

ಗೂಗಲ್ ಖಾತೆಯಲ್ಲಿ ಎಲ್ಲ ಹಾಗೇ ಇದ್ದದ್ದು ಪುಣ್ಯ. ಮತ್ತೆ ಇಳಿಸಿಕೊಂಡೆ. ಈ ಸಲ "ಮೂಲ" ಅಂತ ಫೋಲ್ಡರ್ ಮಾಡಿ, ಫೈಲಿಗೆ ರೀಡ್ ಓನ್ಲಿ ಹಾಕಿ, ನಕಲು ತೆಗೆದುಕೊಂಡು ಕೂತೆ. ಮಾಸ್ತರರ ಕೆಂಪು ಪೆನ್ನಿನ ಹಾಳೆಗಳನ್ನು ಡ್ರಾಯರಿನಲ್ಲಿ ಇಟ್ಟೆ, ತಿದ್ದುಪಡಿ ಆಮೇಲೆ ಹಾಕೋಣ ಅಂತ. ಆ ಹಾಳೆಗಳು ಕೆಟ್ಟ ಫೈಲಿನಿಂದ ಹೊಡೆದವು ಎಂಬುದು ಆಗ ತಲೆಯಲ್ಲಿ ಇತ್ತು. ಎರಡು ದಿನದ ಮೇಲೆ ಇರಲಿಲ್ಲ.

ಸಂಜೆ ಎಕ್ಸೆಲ್‌ನ ಇಂಪೋರ್ಟ್ ವಿಝಾರ್ಡಿನಿಂದ ಪ್ರಯತ್ನಿಸಿದೆ: ಡೇಟಾ, ಫ್ರಮ್ ಟೆಕ್ಸ್ಟ್, ಫೈಲ್ ಒರಿಜಿನ್ 65001 (ಯುಟಿಎಫ್-8ರ ನಂಬರು). ಕನ್ನಡ ಸರಿ ಬಂತು, ಕಾಲಂಗಳನ್ನು ಟೆಕ್ಸ್ಟ್ ಮಾಡಿದ್ದರಿಂದ ಮನೆ ನಂಬರೂ ಉಳಿಯಿತು. ಆದರೆ ವಿಳಾಸದೊಳಗೆ ಎಂಟರ್ ಹೊಡೆದು ಬರೆದದ್ದೆಲ್ಲ ಮುರಿದು ಕೆಳಗಿನ ಅಡ್ಡಸಾಲಿಗೆ ಬಿತ್ತು. ಒಬ್ಬ ಚಂದಾದಾರರು ಮೂವರಾದರು. 2010ರ ವಿಝಾರ್ಡಿಗೆ ಉದ್ಧರಣ ಚಿಹ್ನೆಯೊಳಗಿನ ಎಂಟರ್ ಅರ್ಥವಾಗುವುದಿಲ್ಲ. ಹಾಗಾದರೆ ಎಂಟರನ್ನೇ ತೆಗೆದುಬಿಡೋಣ ಅಂತ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ರಿಪ್ಲೇಸ್ ಆಲ್ ಮಾಡಿದೆ. ಎಲ್ಲಾ ಎಂಟರೂ ಹೋಗಿ 331 ಜನ ಒಂದೇ ಸಾಲಿನಲ್ಲಿ ನಿಂತರು. ಆವತ್ತಿನ ಮಟ್ಟಿಗೆ ಸಾಕು ಅನ್ನಿಸಿತು.

4. ಭಾನುವಾರ: ಲಿಬ್ರೆ ಆಫೀಸ್

ಅಂಗಡಿಗೆ ರಜೆ, ಕರೆಂಟು ಮಾತ್ರ ಬಂದು ಹೋಗಿ ಮಾಡುತ್ತಿತ್ತು. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಇಳಿಸಿ, ಅದರಲ್ಲಿ ಎಕ್ಸೆಲ್ ಜಾಗಕ್ಕಿರುವ ಕ್ಯಾಲ್ಕ್‌ನಲ್ಲಿ ಫೈಲು ತೆರೆದೆ. ಅದು ತೆರೆಯುವ ಮೊದಲೇ ಒಂದು ಕಿಟಕಿ ಕೊಟ್ಟು ಕೇಳುತ್ತದೆ. ಕೊಟ್ಟ ಉತ್ತರ ಹೀಗೆ: ಕ್ಯಾರೆಕ್ಟರ್ ಸೆಟ್ ಯುನಿಕೋಡ್ (ಯುಟಿಎಫ್-8), ಸೆಪರೇಟರ್ ಕಾಮಾ ಒಂದೇ (ಸೆಮಿಕೋಲನ್‌ಗೆ ಟಿಕ್ ಇದ್ದರೆ ತೆಗೆಯಿರಿ), ಸ್ಟ್ರಿಂಗ್ ಡಿಲಿಮಿಟರ್ ಜೋಡಿ ಉದ್ಧರಣ ಚಿಹ್ನೆ, ಸ್ಪೆಷಲ್ ನಂಬರ್ ಪತ್ತೆಹಚ್ಚುವ ಟಿಕ್ ತೆಗೆದದ್ದು, ಕೆಳಗೆ ಎಲ್ಲ ಕಾಲಮ್ಮನ್ನೂ ಒಟ್ಟಿಗೆ ಆರಿಸಿ ಬಗೆಯನ್ನು ಟೆಕ್ಸ್ಟ್ ಮಾಡಿದ್ದು. ಓಕೆ ಒತ್ತಿದೆ. 331 ಅಡ್ಡಸಾಲು, 1-9-87 ತನ್ನ ಜಾಗದಲ್ಲಿ, ಫೋನ್ ನಂಬರು ಪೂರ್ತಿ. ಗುರುವಾರವೇ ಇಲ್ಲಿಗೆ ಬರಬೇಕಿತ್ತು.

ಇನ್ನು ಕಸ ಗುಡಿಸುವ ಕೆಲಸ. ಖಾನೆ ಖಾನೆ ಜೋಡಿಸಿ ನಡುವೆ ಅಲ್ಪವಿರಾಮ ಹಾಕಿದರೆ ಖಾಲಿ ಇದ್ದಲ್ಲಿ ",,," ಬರುತ್ತದೆ. ಟೆಕ್ಸ್ಟ್‌ಜಾಯಿನ್ ಫಾರ್ಮುಲಾದಲ್ಲಿ ಎರಡನೇ ಜಾಗಕ್ಕೆ 1 ಕೊಟ್ಟರೆ ಖಾಲಿ ಖಾನೆ ಬಿಟ್ಟು ಜೋಡಿಸುತ್ತದೆ. ಖಾನೆಯೊಳಗಿನ ಎಂಟರ್ ತೆಗೆಯಲು ಸಬ್‌ಸ್ಟಿಟ್ಯೂಟ್, ಚಾರ್(10) ಇದ್ದಲ್ಲಿ ಅಲ್ಪವಿರಾಮ. ಇಲ್ಲಿ ಎಂಟರ್ ಖಾನೆಯ ಒಳಗಿನದ್ದು ಮಾತ್ರ ಹೋಗುತ್ತದೆ, ನಿನ್ನೆಯ ಹಾಗೆ ಊರೆಲ್ಲ ಒಂದಾಗುವುದಿಲ್ಲ.

14 ಜನರ ವಿಳಾಸದ ನಡುವೆ ":::" ಅಂತ ಇತ್ತು. ಒಬ್ಬರಿಗೆ ಒಂದೇ ಬಗೆಯ ಎರಡು ವಿಳಾಸ ಇದ್ದರೆ ಗೂಗಲ್ ಹೀಗೆ ಅಂಟಿಸಿ ಕೊಡುತ್ತದೆ. ಯಾವುದು ಇಡಬೇಕು ಎಂದು ಯಂತ್ರ ಹೇಳಲಾರದು, ಮಾಸ್ತರರಿಗೆ ಫೋನ್ ಹಚ್ಚಿ ಒಂದೊಂದೇ ಕೇಳಿದೆ.

ವಾಟ್ಸಾಪಿನಿಂದ ಕಾಪಿ ಮಾಡಿದ ವಿಳಾಸಗಳ ತುದಿಗೆ ಒಂದು ಹಠಮಾರಿ ಖಾಲಿ ಜಾಗ ಅಂಟಿಕೊಂಡಿತ್ತು. ಟ್ರಿಮ್‌ಗೆ ಅದು ಬಗ್ಗುವುದಿಲ್ಲ, ನೋಡಲಿಕ್ಕೆ ಸ್ಪೇಸ್ ಆದರೂ ಕೋಡ್ 160. ಯೂನಿಚಾರ್(160) ಹುಡುಕಿ ಮಾಮೂಲಿ ಸ್ಪೇಸ್ ಹಾಕಿ, ಆಮೇಲೆ ಟ್ರಿಮ್ ಮಾಡಿದೆ.

ಪಿನ್ ಕೋಡಿನ ಕಾಲಮ್ಮಿಗೆ ಸ್ವಲ್ಪ ಹೊತ್ತು ಕೊಟ್ಟೆ, ಪ್ರತಿ ವಾಪಸ್ ಬರಲು ಅದೂ ಒಂದು ಕಾರಣ ಇರಬಹುದು ಅಂತ ಅನುಮಾನವಿತ್ತು. ಮೊದಲು ಕನ್ನಡ ಅಂಕಿಗಳನ್ನು (೫೮೩೨೨೭) ಎಲ್ಲರಂತೆ 583227 ಮಾಡಿದೆ. ಆರು ಅಂಕಿ ಇಲ್ಲದವು 11. ಆಮೇಲೆ ಮೊದಲ ಮೂರು ಅಂಕಿಗಳ ಮೇಲೆ ಕಣ್ಣಾಡಿಸಿದೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗಂಗಾವತಿ 583. ರಾಯಚೂರು, ಸಿಂಧನೂರು 584. ಇಲ್ಲೊಂದು ಗಮ್ಮತ್ತು ಸಿಕ್ಕಿತು. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವ ತನಕ ಗಂಗಾವತಿ ರಾಯಚೂರು ಜಿಲ್ಲೆಯಲ್ಲಿತ್ತು. ಹಳಬರ ವಿಳಾಸದಲ್ಲಿ "ಗಂಗಾವತಿ, ಜಿ. ರಾಯಚೂರು" ಅಂತ ಇನ್ನೂ ಇದೆ. ಅದನ್ನು ನೋಡಿ ಯಾರೋ 584ರ ಪಿನ್ ತುಂಬಿದ್ದಾರೆ. ಅಂಥವು ಏಳು. ಹೊಸಪೇಟೆಯವರಲ್ಲಿ ಕೆಲವರದ್ದು ಬಳ್ಳಾರಿ ಜಿಲ್ಲೆ, ಕೆಲವರದ್ದು 2021ರ ನಂತರದ ವಿಜಯನಗರ ಜಿಲ್ಲೆ. ಪಿನ್ ಸರಿಯಿದ್ದರೆ ಹೋಗಿ ಮುಟ್ಟುತ್ತದೆ ಅಂತ ಅವನ್ನು ಮುಟ್ಟಲಿಲ್ಲ. ಸೊಲ್ಲಾಪುರದ ಇಬ್ಬರು 413ರಲ್ಲಿ ಶುರುವಾಗಿದ್ದರು, ತಪ್ಪೆಂದು ಕೆಂಪು ಹಚ್ಚಿ, ಆಮೇಲೆ ಊರು ನೋಡಿ ಬಿಟ್ಟೆ.

5. ಸೋಮವಾರ: ಎರಡು ಕೊಪ್ಪಳ

ನುಡಿ ಫೈಲಿನ 118 ವಿಳಾಸಗಳನ್ನು ಯುನಿಕೋಡಿಗೆ ತಿರುಗಿಸಿ ಕೆಳಗೆ ಸೇರಿಸಿದೆ. ಒಟ್ಟು 449. ಇದರಲ್ಲಿ ಎರಡೆರಡು ಸಲ ಬಂದವರು ಇರಲೇಬೇಕು. ಹೆಸರು ಮತ್ತು ಊರು ಜೋಡಿಸಿ ಹುಡುಕಿದರೆ ಸಿಕ್ಕವರು 9 ಮಂದಿ. ಮಾಸ್ತರರ ಅಂದಾಜು ಮೂವತ್ತರ ಮೇಲೆ.

ಕಣ್ಣಿಗೆ ಕಾಣುವ ಜೋಡಿಯನ್ನೇ ಹಿಡಿದೆ. ಮೇಲಿನ ಸಾಲಿನಲ್ಲಿ "ಕೊಪ್ಪಳ", ಕೆಳಗೂ "ಕೊಪ್ಪಳ". ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡೂ ಒಂದೇ ಏನು ಅಂತ ಫಾರ್ಮುಲಾ ಹಾಕಿದರೆ ಅಲ್ಲ ಅನ್ನುತ್ತದೆ. ಉದ್ದ ಅಳೆಯುವ ಲೆನ್ ಹಾಕಿದೆ: ಒಂದು 6, ಇನ್ನೊಂದು 7. ಒಂದರಲ್ಲಿ ಒತ್ವ ಒಂದೇ ಕೋಡು. ಇನ್ನೊಂದರಲ್ಲಿ ಎತ್ವವೂ ಕೊಂಬಿನ ದೀರ್ಘವೂ ಬೇರೆ ಬೇರೆ ಕೂತು ಒತ್ವದ ವೇಷ ಹಾಕಿವೆ. ನುಡಿಯಿಂದ ತಿರುಗಿಸುವಾಗ ಅಚ್ಚಿನ ಮೊಳೆಗಳ ಹಾಗೆ ತುಂಡು ತುಂಡಾಗಿ ಬಂದಿದ್ದವು.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಕೋಡು ಕೊಟ್ಟೂ ಹುಡುಕಬಹುದಾದ ಸೌಲಭ್ಯ) 0ಸಿಸಿ6 (ಎತ್ವ), 0ಸಿಸಿ2 (ಕೊಂಬಿನ ದೀರ್ಘ) ಈ ಎರಡು ಕೋಡು ಒಟ್ಟಿಗೆ ಇದ್ದಲ್ಲೆಲ್ಲ 0ಸಿಸಿಎ (ಒತ್ವ) ಹಾಕಿದೆ. ಏತ್ವ, ಐತ್ವ, ಓತ್ವ, ದೀರ್ಘ ಕಿ, ಇವುಗಳಿಗೂ ಇದೇ ರೋಗ, ಒಂದೊಂದಕ್ಕೂ ಒಂದು ಸಲ. ಒತ್ವ ಮೊದಲು, ಓತ್ವ ಆಮೇಲೆ, ಯಾಕೆಂದರೆ ಓತ್ವ ಅಂದರೆ ಒತ್ವದ ಮುಂದೆ ದೀರ್ಘ. ಮತ್ತೆ ಹುಡುಕಿದರೆ ಜೋಡಿ 37. ಉಳಿದದ್ದು 412.

ಡ್ರಾಯರಿನಿಂದ ಕೆಂಪು ಪೆನ್ನಿನ ಹಾಳೆ ತೆಗೆದು 19 ತಿದ್ದುಪಡಿಗಳನ್ನೂ ಹಾಕಿದೆ. ಕೊನೆಗೆ ಟ್ಯಾಬ್ ಇಟ್ಟ ಟೆಕ್ಸ್ಟ್ ಫೈಲಾಗಿ, ಯುಟಿಎಫ್-8ನಲ್ಲಿ ಉಳಿಸಿದೆ. ಅಲ್ಪವಿರಾಮ ವಿಳಾಸದೊಳಗೇ ಇರುತ್ತದೆ, ಟ್ಯಾಬನ್ನು ವಿಳಾಸದಲ್ಲಿ ಯಾರೂ ಬರೆಯುವುದಿಲ್ಲ.

6. ಮಂಗಳವಾರ: ಲೇಬಲ್

ವರ್ಡ್‌ನ ಮೇಲ್ ಮರ್ಜ್‌ಗೆ (ಪಟ್ಟಿಯಿಂದ ಒಂದೊಂದೇ ವಿಳಾಸ ಎತ್ತಿ ಲೇಬಲ್ ತುಂಬುವ ಸೌಲಭ್ಯ) ಈ ಟೆಕ್ಸ್ಟ್ ಫೈಲು ಕೊಟ್ಟು, ಎನ್‌ಕೋಡಿಂಗ್ ಕೇಳಿದಾಗ ಯುಟಿಎಫ್-8 ಹೇಳಿ, 70 × 37ರ ಲೇಬಲ್ ಅಳತೆ ತುಂಬಿದೆ. ಅದಕ್ಕಿಂತ ಮುಂಚೆ ಊರಿನ ಪ್ರಕಾರ ವಿಂಗಡಿಸಿಬಿಡೋಣ, ಅಂಚೆ ಕಚೇರಿಯಲ್ಲಿ ಕಟ್ಟು ಕಟ್ಟಲು ಸುಲಭ ಅಂತ ಹೊಳೆಯಿತು. ಕ್ಯಾಲ್ಕ್‌ನಲ್ಲಿ ಊರಿನ ಕಾಲಂ ಆರಿಸಿ ಸಾರ್ಟ್ ಒತ್ತಿದೆ. ಪಕ್ಕದ ಕಾಲಂಗಳನ್ನೂ ಸೇರಿಸಲೇ ಅಂತ ಕೇಳಿತು. ಓದದೆ, ಬರೀ ಇದೊಂದೇ ಅಂತ ಒತ್ತಿದೆ.

ಮೂರು ಹಾಳೆ ಹೊಡೆದಾಗಿತ್ತು. ಮಾಸ್ತರರು ಕನ್ನಡಕ ಏರಿಸಿ ಓದುತ್ತಾ ಕೂತಿದ್ದರು.

"ಈ ಪುಣ್ಯಾತ್ಮ ಲಿಂಗಸುಗೂರಿನಾಗ ಅದಾನ. ಸಿರುಗುಪ್ಪಕ್ಕ ಯಾಕ ಕಳಿಸಾಕತ್ತೀಯೋ ತಮ್ಮಾ?"

ಊರಿನ ಕಾಲಂ ಒಂದೇ ಅಕಾರಾದಿಯಾಗಿ ಮೇಲೆ ಕೆಳಗೆ ಆಗಿತ್ತು, ಹೆಸರು ಮತ್ತು ಪಿನ್ ಇದ್ದಲ್ಲೇ. 412 ಜನರನ್ನೂ ಊರು ಬಿಡಿಸಿದ್ದೆ. ಅವರು ಓದದೆ ಹೋಗಿದ್ದರೆ ಇಡೀ ಸಂಚಿಕೆ ವಾಪಸ್. ಸೋಮವಾರದ ಪ್ರತಿ ಬೇರೆ ಇಟ್ಟಿದ್ದರಿಂದ ಬಚಾವಾದೆ. ಈ ಸಲ ಎಲ್ಲ ಕಾಲಂ ಆರಿಸಿ, ಪಿನ್ ಪ್ರಕಾರ ಸಾರ್ಟ್ ಮಾಡಿದೆ.

ಆಮೇಲಿನ ಎರಡು ಹಾಳೆ ಪ್ರಿಂಟರಿಗೆ ಬಲಿ. ಎಂಟು ಲೇಬಲ್‌ಗೆ 37ರಂತೆ 296 ಮಿ.ಮೀ., ಹಾಳೆ 297. ಅಂಚೇ ಇಲ್ಲ. ಪ್ರಿಂಟರು ತನ್ನ ಅಂಚಿಗೆ ಹೊಂದಿಸಲು ಪುಟವನ್ನೇ ಕುಗ್ಗಿಸಿತ್ತು, ಕೊನೆಯ ಸಾಲಿನ ಅಕ್ಷರ ಸುಮಾರು 6 ಮಿ.ಮೀ. ಮೇಲಕ್ಕೆ ಸರಿದಿತ್ತು. ಆಕ್ಚುವಲ್ ಸೈಜ್ ಹಾಕಿ, ಲೇಬಲ್ ಒಳಗೆ ಮೇಲೆ ಕೆಳಗೆ 5 ಮಿ.ಮೀ. ಬಿಟ್ಟ ಮೇಲೆ ಕೂತಿತು. ಸಾಲಿನ ಅಂತರ ಎಕ್ಸಾಕ್ಟ್ 12 ಪಾಯಿಂಟ್ ಇಟ್ಟಿದ್ದಕ್ಕೆ ಒತ್ತಕ್ಷರಗಳ ಕಾಲು ಕತ್ತರಿಸಿ "ಕೊಪ್ಪಳ" ಹೆಚ್ಚುಕಡಿಮೆ "ಕೊಪಳ" ಆಗಿತ್ತು, ಅದನ್ನು ಸಿಂಗಲ್ ಮಾಡಿದೆ. ತುಂಗಾ ಫಾಂಟ್, 11 ಪಾಯಿಂಟ್. ಬಿಳಿ ಹಾಳೆಯಲ್ಲಿ ಹೊಡೆದು ಲೇಬಲ್ ಹಾಳೆಯ ಹಿಂದೆ ಹಿಡಿದು ಬೆಳಕಿಗೆ ಒಡ್ಡಿ ನೋಡಿದ್ದರೆ ಈ ಎರಡು ಹಾಳೆ ಉಳಿಯುತ್ತಿದ್ದವು.

412 ಲೇಬಲ್‌ಗೆ 18 ಹಾಳೆ, ಕೊನೆಯದರಲ್ಲಿ ನಾಲ್ಕೇ. ಕೆಟ್ಟದ್ದು 5. ನೂರು ಹಾಳೆಯ ಪ್ಯಾಕು ನನಗೆ ಬಿದ್ದದ್ದು 480 ರೂಪಾಯಿ, ಅಂದರೆ ಬಳಸಿದ 23 ಹಾಳೆಗೆ 110 ರೂಪಾಯಿ. ಪ್ರೂಫ್ 14 ಹಾಳೆ. ಸಾಫ್ಟ್‌ವೇರಿಗೆ ಖರ್ಚಿಲ್ಲ. ಮಾಸ್ತರರಿಂದ ತೆಗೆದುಕೊಂಡದ್ದು 300. ಕೆಟ್ಟ ಹಾಳೆಯ ದುಡ್ಡು ಕೇಳಲು ಬಾಯಿ ಬರಲಿಲ್ಲ.

7. ಮೂರು ವಾರದ ಮೇಲೆ

ಈ ಸಲ ವಾಪಸ್ ಬಂದದ್ದು 3. ಎರಡರಲ್ಲಿ ಚಂದಾದಾರರು ಮನೆ ಬದಲಿಸಿದ್ದರು. ಮೂರನೆಯ ಲಕೋಟೆಯನ್ನು ಮಾಸ್ತರರು ಏನೂ ಮಾತಾಡದೆ ನನ್ನ ಮುಂದೆ ಇಟ್ಟರು. ಲೇಬಲ್ ಮೇಲೆ ಮನೆ ನಂಬರು 03-05-2012.

ಡ್ರಾಯರು ತೆಗೆದು ನೋಡಿದೆ. ಕೆಂಪು ಪೆನ್ನಿನ ಹಾಳೆಯಲ್ಲಿ ಅವರು ಆ ಸಾಲಿನಲ್ಲಿ ತಿದ್ದಿದ್ದು ಪಿನ್ ಒಂದನ್ನೇ. ನಾನು ಪಿನ್ ಒಂದನ್ನೇ ಬದಲಿಸುವ ಬದಲು ಇಡೀ ಸಾಲನ್ನು ಹಾಳೆ ನೋಡಿಕೊಂಡು ಹೊಸದಾಗಿ ಟೈಪ್ ಮಾಡಿದ್ದೆ.

ಮಿಕ್ಕ 18 ತಿದ್ದುಪಡಿಗಳನ್ನು ಅಲ್ಲೇ ಕೂತು ಮೂಲ ಫೈಲಿನ ಜೊತೆ ತಾಳೆ ನೋಡಿದೆ. ಅವು ಸರಿಯಿದ್ದವು. ಕೊನೆಯ ಹಾಳೆಯಲ್ಲಿ ಉಳಿದಿದ್ದ 20 ಖಾಲಿ ಲೇಬಲ್‌ಗಳಲ್ಲಿ ಒಂದಕ್ಕೆ 3-5-12 ಅಂತ ಕೈಯಲ್ಲೇ ಬರೆದು, ಅದೇ ಲಕೋಟೆಗೆ ಹಳೆಯದರ ಮೇಲೆ ಅಂಟಿಸಿ ಕೊಟ್ಟೆ.